ಸೋಲೋ ಬಿಟ್ಟುಕೊಟ್ಟ ಅಣ್ಣ

ಪತ್ರ: ನನ್ನ ಮಗ ಕಾಲೇಜಿನ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಾನೆ. ಈ ಸಲ ಮುಂದೆ ನಿಂತು ರಾಗ ನುಡಿಸುವ ಲೀಡ್ ಬೇರೆ ಹುಡುಗನ ಪಾಲಾಯಿತು, ಇವನಿಗೆ ಹಿಂದಿನಿಂದ ಲಯ ಹಿಡಿಯುವ ರಿದಮ್ ಸಿಕ್ಕಿತು. ಮುಖ ಊದಿಸಿಕೊಂಡು ಕೂತಿದ್ದಾನೆ. ಬರೀ ರಿದಮ್ ನುಡಿಸಿ ಮೇಲೆ ಬಂದವರು ಯಾರಾದರೂ ಇದ್ದಾರಾ? – ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇದ್ದಾರೆ. ಅವರಲ್ಲಿ ಒಬ್ಬನಂತೂ ಬ್ಯಾಂಡಿನ ಯಜಮಾನನೇ ಆಗಿದ್ದ. ಎಸಿ/ಡಿಸಿ ಎಂಬ ರಾಕ್ ಬ್ಯಾಂಡ್ ಎಂದರೆ ಎಲ್ಲರಿಗೂ ನೆನಪಾಗುವುದು ಶಾಲೆಯ ಸಮವಸ್ತ್ರ ಹಾಕಿಕೊಂಡು ವೇದಿಕೆ ತುಂಬಾ ಕುಣಿಯುವ ಆಂಗಸ್ ಯಂಗ್, ಅಲ್ವಾ? ಆದರೆ ಆ ಬ್ಯಾಂಡ್ ಕಟ್ಟಿದ್ದು ಅವನ ಅಣ್ಣ ಮಾಲ್ಕಂ. ನಮ್ಮ ಯಕ್ಷಗಾನದಲ್ಲೂ ಕಣ್ಣು ವೇಷದ ಮೇಲಿರುತ್ತದೆ, ಆಟ ನಡೆಸುವವರು ಮಾತ್ರ ಹಿಂದೆ ಕೂತ ಭಾಗವತರು. ಮಾಲ್ಕಂ ನಿಲ್ಲುತ್ತಿದ್ದುದೂ ಹಿಂದೆಯೇ, ಡ್ರಮ್ಮಿನ ಪಕ್ಕದಲ್ಲಿ. ಪಲ್ಲವಿಗೆ ದನಿಗೂಡಿಸಲು ಮೈಕಿನ ತನಕ ಬರುತ್ತಿದ್ದ, ಮುಗಿದ ತಕ್ಷಣ ವಾಪಸ್.

ಹುಟ್ಟಿದ್ದು 1953ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. 1963ರಲ್ಲಿ ಮನೆಮಂದಿಯೆಲ್ಲ ಆಸ್ಟ್ರೇಲಿಯಾದ ಸಿಡ್ನಿಗೆ ವಲಸೆ ಹೋದರು. ಶಾಲೆ ಬಿಟ್ಟ ಮೇಲೆ ಒಳಉಡುಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. 1973ರಲ್ಲಿ ಬ್ಯಾಂಡ್ ಶುರು ಮಾಡಿ, ಆ ವರ್ಷದ ಕೊನೆಯ ರಾತ್ರಿ ಸಿಡ್ನಿಯ ಚೆಕರ್ಸ್ ಎಂಬ ಕ್ಲಬ್ಬಿನಲ್ಲಿ ನುಡಿಸಿದ.

ನಿಮ್ಮ ಮಗ ಕೇಳಬೇಕಾದ ವಿಷಯ ಇಲ್ಲಿದೆ. ಮೊದಮೊದಲು ಮಾಲ್ಕಂ ಕೂಡ ಸೋಲೋ, ಅಂದರೆ ಹಾಡಿನ ನಡುವೆ ಒಬ್ಬನೇ ಮೆರೆಯುವ ಭಾಗ, ನುಡಿಸುತ್ತಿದ್ದ. ಆಮೇಲೆ ತಾನಾಗಿಯೇ ಅದನ್ನು ತಮ್ಮನಿಗೆ ಬಿಟ್ಟುಕೊಟ್ಟ. ಬ್ಯಾಂಡಿನಲ್ಲಿ ಯಾರಿರಬೇಕು, ಯಾವ ಹಾಡು ಬೇಕು, ಯಾವುದು ಬೇಡ ಎನ್ನುವುದರಲ್ಲಿ ಮಾತ್ರ ಅವನದೇ ಕೊನೆಯ ಮಾತು. ಹಾಡುಗಳ ಕೆಳಗೂ ಅಣ್ಣತಮ್ಮ ಇಬ್ಬರ ಹೆಸರೂ ಇರುತ್ತದೆ. ಎಂದರೆ ದುಡ್ಡಿನಲ್ಲೂ ಪಾಲು. ಅಪ್ಪಂದಿರಿಗೆ ಇದೂ ಮುಖ್ಯ ನೋಡಿ.

ಅವನ ಗಿಟಾರ್ ಗ್ರೆಚ್ ಕಂಪನಿಯ 1963ರದು. ಬಣ್ಣ ಕೆರೆದು ಬರೀ ಮರ ಉಳಿಸಿಕೊಂಡಿದ್ದ. ತಂತಿಯ ಸದ್ದು ಹಿಡಿಯುವ ಪಿಕಪ್‌ಗಳಲ್ಲಿ ತಂತಿಗಳ ಬುಡ ಕೂರುವ ಬ್ರಿಡ್ಜಿನ ಹತ್ತಿರದ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಿತ್ತುಹಾಕಿದ್ದ. ತಂತಿಗಳು ದಪ್ಪ, ಬಾಗಿಸುವುದು ಕಷ್ಟ. ರಾಕ್ ಎಂದರೆ ಕರ್ಕಶ ಎಂದುಕೊಂಡವರಿಗೆ ಆಶ್ಚರ್ಯವಾಗಬಹುದು: ಅವನು ಆಂಪ್ಲಿಫೈಯರಿನಲ್ಲಿ ಸದ್ದನ್ನು ಒಡೆದು ಗೊರಗೊರ ಮಾಡುವ ಗೇನ್ ಜಾಸ್ತಿ ಏರಿಸುತ್ತಿರಲಿಲ್ಲ. ಹೊಡೆತದ ಜೋರೆಲ್ಲ ಬಲಗೈಯದು. ಗೇನ್ ಕಡಿಮೆಯಾದಷ್ಟೂ ಪ್ರತಿ ತಂತಿ ಬಿಡಿಬಿಡಿಯಾಗಿ ಕೇಳುತ್ತದೆ. ತಪ್ಪೂ ಹಾಗೆಯೇ ಕೇಳುತ್ತದೆ.

1980ರ ಫೆಬ್ರುವರಿಯಲ್ಲಿ ಗಾಯಕ ಬಾನ್ ಸ್ಕಾಟ್ ಸತ್ತ. ಬೇರೆ ಬ್ಯಾಂಡ್ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಇವರು ಬ್ರಯಾನ್ ಜಾನ್ಸನ್‌ನನ್ನು ಕರೆತಂದು, ಅದೇ ಜುಲೈಗೆ 'ಬ್ಯಾಕ್ ಇನ್ ಬ್ಲ್ಯಾಕ್' ಆಲ್ಬಂ ಹೊರತಂದರು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳ ಸಾಲಿನಲ್ಲಿ ಅದಿದೆ.

ಕುಡಿತ ಅವನನ್ನು ಕಾಡಿತು. 1988ರಲ್ಲಿ ಪ್ರವಾಸದ ನಡುವೆಯೇ ಬಿಟ್ಟು ಹೋಗಿ, ಚಟ ಬಿಡಿಸಿಕೊಂಡು ಬಂದ. ಅಷ್ಟು ದಿನ ಅವನ ಜಾಗದಲ್ಲಿ ನುಡಿಸಿದ್ದು ಮಾಲ್ಕಂನ ದೊಡ್ಡಣ್ಣನ ಮಗ ಸ್ಟೀವಿ. ಆಮೇಲೆ ಬಂದದ್ದು ಮರೆವಿನ ಕಾಯಿಲೆ. 2008ರಲ್ಲಿ ಶುರುವಾದ ಕೊನೆಯ ಪ್ರವಾಸದ ಹೊತ್ತಿಗೆ ತಾನೇ ಕಟ್ಟಿದ, ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು, ಅಂದರೆ ರಿಫ್‌ಗಳು ಮರೆತುಹೋಗುತ್ತಿದ್ದವು. ಕೂತು ಮತ್ತೆ ಕಲಿತು ವೇದಿಕೆ ಹತ್ತುತ್ತಿದ್ದ. 2010ರ ಜೂನಿನಲ್ಲಿ ಸ್ಪೇನಿನ ಬಿಲ್ಬಾವೊದಲ್ಲಿ ಕೊನೆಯ ಸಲ ನುಡಿಸಿದ. 2014ರಲ್ಲಿ ಬ್ಯಾಂಡ್ ಬಿಟ್ಟ, ಜಾಗಕ್ಕೆ ಮತ್ತೆ ಸ್ಟೀವಿ ಬಂದ. 2017ರ ನವೆಂಬರ್ 18ರಂದು ತೀರಿಕೊಂಡಾಗ ಅವನಿಗೆ 64 ವರ್ಷ. 2020ರಲ್ಲಿ ಬಂದ ಆಲ್ಬಂನ ಹಾಡುಗಳಲ್ಲೂ ಅವನ ಹೆಸರಿದೆ, ಬಿಟ್ಟುಹೋದ ರಿಫ್‌ಗಳಿಂದಲೇ ಅವನ್ನು ಕಟ್ಟಿದ್ದರು.

ಮಗನಿಗೆ ಸುಮ್ನೆ ಬುದ್ಧಿ ಹೇಳಲು ಹೋಗಬೇಡಿ. 'ಬ್ಯಾಕ್ ಇನ್ ಬ್ಲ್ಯಾಕ್' ಹಾಡು ಹಾಕಿ, ಇಯರ್‌ಫೋನ್ ಕೊಡಿ. ಎಡಗಿವಿಗೆ ಬರುವುದು ಮಾಲ್ಕಂ, ಬಲಕ್ಕೆ ಆಂಗಸ್. ಬಲದ್ದನ್ನು ತೆಗೆದು ಕೇಳಲಿ. ಮುಖ್ಯ ರಿಫ್‌ಗೆ ಇ, ಡಿ, ಎ ಮೂರೇ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು), ನಡುನಡುವೆ ಕೈ ತಡೆದು ಬಿಟ್ಟ ಖಾಲಿ ಜಾಗ. ಅದನ್ನೇ ನಾಲ್ಕು ನಿಮಿಷ ಡ್ರಮ್ಮರ್ ಜೊತೆ ನುಡಿಸಿ ನೋಡಲಿ. ವೇಗ ಓಡಿತೋ ಇಲ್ಲವೋ ಎಂದು ಆ ಡ್ರಮ್ಮರ್ ಹುಡುಗನೇ ಹೇಳುತ್ತಾನೆ.