22 ಪಿಕೋಫ್ಯಾರಡ್ ಕೆಪ್ಯಾಸಿಟರ್ 29 ಎಂದು ತೋರಿಸುವುದೇಕೆ?

ನಮಸ್ಕಾರ ಸರ್. ಕಡಿಮೆ ಬೆಲೆಯ ಎಲ್‌ಸಿಆರ್ ಮೀಟರ್ (ಇಂಡಕ್ಟೆನ್ಸ್, ಕೆಪ್ಯಾಸಿಟೆನ್ಸ್, ರೆಸಿಸ್ಟೆನ್ಸ್ ಅಳೆಯುವ ಸಾಧನ) ನಿಮ್ಮ 22 ಪಿಕೋಫ್ಯಾರಡ್ ಸೆರಾಮಿಕ್ ಕೆಪ್ಯಾಸಿಟರನ್ನು 29 ಎಂದು ತೋರಿಸುತ್ತಿದೆ, ಆ ಮೀಟರನ್ನು ಹುಬ್ಬಳ್ಳಿಯ ಅಂಗಡಿಗೆ ಹಿಂತಿರುಗಿಸಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಹೆಚ್ಚುವರಿ 7 ಪಿಕೋಫ್ಯಾರಡ್ ಬಹುಮಟ್ಟಿಗೆ ನಿಮ್ಮ ಕ್ಲಿಪ್ಪಿನ ತಂತಿಗಳದ್ದೇ ಇರಬೇಕು. ಅಳೆಯುವಾಗ ಇರುವಷ್ಟೇ ಅಂತರದಲ್ಲಿ ಕ್ಲಿಪ್ಪುಗಳನ್ನು ಖಾಲಿ ಇಟ್ಟು ಓಪನ್ ಕ್ಯಾಲಿಬ್ರೇಶನ್ (ತಂತಿಗಳ ಕೆಪ್ಯಾಸಿಟೆನ್ಸನ್ನು ಮೀಟರ್ ಕಳೆಯುವಂತೆ ಮಾಡುವುದು) ಮಾಡಿರಿ, ಅನಂತರ ಅವುಗಳ ನಡುವೆ ದಪ್ಪ ತಾಮ್ರದ ತುಂಡೊಂದನ್ನು ಹಿಡಿಸಿ ಶಾರ್ಟ್ ಕ್ಯಾಲಿಬ್ರೇಶನ್ (ತಂತಿಗಳ ರೋಧವನ್ನು ಕಳೆಯುವಂತೆ ಮಾಡುವುದು) ಮಾಡಿರಿ. ಮೀಟರಿನ ಪರೀಕ್ಷಾ ಸಂಕೇತದ ಆವರ್ತನವನ್ನು ಬದಲಿಸಿದಾಗ ಇದನ್ನು ಮತ್ತೊಮ್ಮೆ ಮಾಡುವುದು ಒಳ್ಳೆಯದು.

ಆವರ್ತನವೂ ಅಷ್ಟೇ ಮುಖ್ಯ. 22 ಪಿಕೋಫ್ಯಾರಡ್‌ನ ಇಂಪೀಡೆನ್ಸ್ (ಎಸಿ ಪ್ರವಾಹಕ್ಕೆ ಒಡ್ಡುವ ತಡೆ) 1 ಕಿಲೋಹರ್ಟ್ಸ್‌ನಲ್ಲಿ ಸುಮಾರು 7.2 ಮೆಗಾಓಮ್ ಇರುವುದರಿಂದ ಹರಿಯುವ ಅತಿ ಸಣ್ಣ ಪ್ರವಾಹವನ್ನು ಅಗ್ಗದ ಮೀಟರ್ ನಿಖರವಾಗಿ ಅಳೆಯಲಾರದು. 100 ಕಿಲೋಹರ್ಟ್ಸ್‌ನಲ್ಲಿ ಅದು 72 ಕಿಲೋಓಮ್‌ಗೆ ಇಳಿಯುತ್ತದೆ, ಆದ್ದರಿಂದ ಅಲ್ಲಿಯೇ, ಮೀಟರನ್ನು ಪ್ಯಾರಲಲ್ ಕ್ರಮದಲ್ಲಿಟ್ಟು ಅಳೆಯಿರಿ. ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರುಗಳಿಗೆ ಇದಕ್ಕೆ ವಿರುದ್ಧವಾಗಿ 100 ಅಥವಾ 120 ಹರ್ಟ್ಸ್, ಸೀರೀಸ್ ಕ್ರಮ ಸರಿ. ಅಳೆಯುವ ಮೊದಲು ಅವುಗಳನ್ನು ಡಿಸ್ಚಾರ್ಜ್ ಮಾಡದಿದ್ದರೆ ಮೀಟರೇ ಸುಟ್ಟೀತು.

ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಕ್ಲಿಪ್ಪಿನ ಮೇಲಿನ ತೇವವೂ ಇಂತಹ ಅಳತೆಯನ್ನು ಕೆಡಿಸಬಹುದು, ಒಣಬಟ್ಟೆಯಿಂದ ಒರೆಸಿಕೊಳ್ಳಿರಿ. ಇಷ್ಟಾದ ಮೇಲೂ 29 ಬಂದರೆ ಶೇಕಡಾ 1ರ ನಿಖರತೆಯ ಕೆಪ್ಯಾಸಿಟರೊಂದನ್ನು ಅಳೆದು ನೋಡಿರಿ. ಅದೂ ತಪ್ಪಿದರೆ ಮಾತ್ರ ಅಂಗಡಿಯ ದಾರಿ ಹಿಡಿಯಿರಿ.