ನಿಮ್ಮ ಕಥೆಯ 11 ‘ಬೋಲ್ಡ್’

ಚಿಕ್ಕಬಳ್ಳಾಪುರದಿಂದ ನೀವು ಕಳಿಸಿದ ಕಥೆ ಓದಿದೆ. ಅಪ್ಪ ಹಾಸಿಗೆ ಹಿಡಿದ ಮೇಲೆ ಮಗಳೇ ರೇಷ್ಮೆಗೂಡು ತಗೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಬರುತ್ತಾಳೆ. ಹರಾಜಿನಲ್ಲಿ ರೀಲರು, ಅಂದರೆ ಗೂಡಿನಿಂದ ನೂಲು ತೆಗೆಯುವವನು, ಹಾಕಿದ ರೇಟು ಒಪ್ಪುವುದಿಲ್ಲ. ಆ ಪುಟಗಳು ಚೆನ್ನಾಗಿವೆ. ಆದರೂ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಅಡ್ಡ ಬಂದಿರುವುದು ಒಂದು ಪದ: ಬೋಲ್ಡ್. ಎಣಿಸಿದೆ, 11 ಸಲ ಇದೆ.

ಇಂಗ್ಲಿಷಿನಲ್ಲೇ ಈ ಪದ ಒಂದು ಕಡೆ ನಿಲ್ಲುವುದಿಲ್ಲ. ಧೈರ್ಯಕ್ಕೂ ಅದೇ, ಅಧಿಕಪ್ರಸಂಗಕ್ಕೂ ಅದೇ. ‘ಹಿತ್ತಾಳೆಯಷ್ಟು ಬೋಲ್ಡ್’ ಅಂದರೆ ನಾಚಿಕೆ ಬಿಟ್ಟವನು ಅಂತ. (ನಮ್ಮಲ್ಲಿ ಹಿತ್ತಾಳೆ ಕಿವಿಗೆ ಹೋಯಿತು, ಅವರಲ್ಲಿ ಭಂಡತನಕ್ಕೆ.) ಐರ್ಲೆಂಡಿನಲ್ಲಿ ತಾಯಿ ಮಗುವನ್ನು ಬೋಲ್ಡ್ ಅಂದರೆ ಅದು ಹೊಗಳಿಕೆ ಅಲ್ಲ, ತರಲೆ ಅಂತ ಗದರಿಕೆ. ಎದ್ದು ಕಾಣುವ ಬಣ್ಣವೂ ಬೋಲ್ಡ್, ಅಚ್ಚಿನ ದಪ್ಪಕ್ಷರವೂ ಬೋಲ್ಡ್. ಅಂದಹಾಗೆ, ನಾಯಕಿಯ ಮಾತನ್ನೆಲ್ಲ ದಪ್ಪಕ್ಷರದಲ್ಲಿ ಟೈಪ್ ಮಾಡಿದ್ದೀರಿ. ತೆಗೆಯಿರಿ. ಪಾಪ, ನೀರು ಕೇಳುವಾಗಲೂ ಕಿರುಚಿದ ಹಾಗಿದೆ.

ನಾಲ್ಕನೇ ಪುಟದಲ್ಲಿ ನಾಯಕಿಯ ತಮ್ಮ ‘ಬೋಲ್ಡ್ ಆದ’ ಅಂತಿದೆ. ಅವನಿಗೂ ಧೈರ್ಯ ಬಂತಲ್ಲ ಅಂದುಕೊಂಡೆ. ಮುಂದಿನ ಸಾಲಿನಲ್ಲಿ ನೋಡಿದರೆ ವಿಕೆಟ್ ಬಿದ್ದಿದೆ! ಇಂಗ್ಲಿಷಿನಲ್ಲಿ ಅದು ಬೇರೆಯೇ ಪದ, ಸ್ಪೆಲಿಂಗೂ ಬೇರೆ. ಕನ್ನಡದಲ್ಲಿ ಹೀಗೆ ಬರೆದಾಗ ಎರಡೂ ಒಂದೇ ಥರ ಕಾಣುತ್ತವೆ.

ಇವೆಲ್ಲ ಸಣ್ಣವು. ನನಗೆ ಜಾಸ್ತಿ ಬೇಸರವಾಗಿದ್ದು ಬೇರೆ ಕಡೆ. ರೀಲರು ಅವಳನ್ನು ಬೋಲ್ಡ್ ಅನ್ನುತ್ತಾನೆ. ಸೋದರಮಾವನೂ ಅದನ್ನೇ ಅನ್ನುತ್ತಾನೆ, ಅಜ್ಜಿಯೂ ಅದನ್ನೇ. ಮೂವರ ಮನಸ್ಸಿನಲ್ಲೂ ಒಂದೇ ಇತ್ತಾ? ನಾಲ್ಕು ಜನ ಗಂಡಸರ ಮುಂದೆ ದನಿ ಎತ್ತಿದವಳನ್ನು ಮಾವ ‘ಬಜಾರಿ’ ಅಂದಾನು. ಅಜ್ಜಿ ಬಾಯಲ್ಲಿ ‘ಗಟ್ಟಿಗಿತ್ತಿ’ ಬರುತ್ತದೆ, ಅದರಲ್ಲಿ ಹೆಮ್ಮೆ ಇದೆ. ರೀಲರು ‘ಭಾರಿ ಜೋರಿದ್ದೀಯಮ್ಮ’ ಅಂತ ನಗಬಹುದು, ನಗುವಿನ ಅಡಿಯಲ್ಲಿ ಸಿಟ್ಟೂ ಇರಬಹುದು. ಕಥೆ ಇರುವುದೇ ಅಲ್ಲಿ, ಅಲ್ವಾ? ಒಂದೇ ಪದ ಎಳೆದು ಮೂವರ ಬಾಯಿಯನ್ನೂ ಮುಚ್ಚಿಬಿಟ್ಟಿದ್ದೀರಿ.

ಇನ್ನೊಂದು ವಿಷಯ. ಸಿನಿಮಾ ಸುದ್ದಿಗಳಲ್ಲಿ ‘ಬೋಲ್ಡ್ ದೃಶ್ಯ’ ಅಂದರೆ ಏನು ಅಂತ ನಿಮಗೂ ಗೊತ್ತು. ‘ಬೋಲ್ಡ್ ಆಗಿ ನಿಂತಳು’ ಅಂತ ಬರೆದರೆ ಕೆಲವರ ತಲೆ ಹರಾಜಿಗಿಟ್ಟ ಗೂಡಿನ ಲಾಟು ಬಿಟ್ಟು ಇನ್ನೆಲ್ಲೋ ಹೋಗುತ್ತದೆ.

ಇಂಗ್ಲಿಷ್ ಪದವೇ ಬೇಡ ಅಂತಲ್ಲ. ಕಾಲೇಜಿನ ಗೆಳತಿ ‘ನೀನು ಬೋಲ್ಡ್ ಕಣೇ’ ಅನ್ನುವ ಕಡೆ ಇರಲಿ, ಅವಳು ಮಾತಾಡುವುದೇ ಹಾಗೆ. ಬೇರೆಯವರ ಮಾತಿನಲ್ಲಿ ಇರುವುದನ್ನು ಅವರವರ ಬಾಯಿಗೆ ತಕ್ಕಂತೆ ಬದಲಿಸಿ. ನಿರೂಪಣೆಯಲ್ಲಿ ಇರುವುದನ್ನು ಸುಮ್ನೆ ಹೊಡೆದುಹಾಕಿ. ರೇಟು ಒಪ್ಪದೆ ಲಾಟಿನ ಪಕ್ಕದಲ್ಲೇ ಬುತ್ತಿ ಬಿಚ್ಚಿ ಕೂತಳು ಅಂತ ಬರೆದಿದ್ದೀರಲ್ಲ, ಅಷ್ಟು ಸಾಕು. ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.