ಊರಿಗೆ ಬರುವ ಅಳಿಯನಿಗೆ ಯಾವ ಪುಸ್ತಕ ಕೊಡಲಿ?

ಪ್ರಶ್ನೆ: ನಾವು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ನೆಲೆಸಿರುವ ಕನ್ನಡಿಗರು. ನಮ್ಮ ಅಳಿಯ ಜರ್ಮನಿಯವರೇ. ಬರುವ ಜನವರಿಯಲ್ಲಿ ಮೊದಲ ಸಲ ಭಾರತಕ್ಕೆ ಹೊರಟಿದ್ದಾರೆ. ಕೋಲ್ಕತ್ತ, ಬೆಂಗಳೂರು, ತೀರ್ಥಹಳ್ಳಿಯ ಬಳಿ ಇರುವ ನನ್ನ ತವರುಮನೆ, ಕಡೆಗೆ ಆಲಪ್ಪುಳ, ಇದು ಅವರ ದಾರಿ. ಹೊರಡುವ ಮೊದಲು ಭಾರತೀಯ ಸಾಹಿತ್ಯವನ್ನು ಓದಬೇಕೆಂಬ ಆಸೆ ಅವರಿಗಿದೆ. ಇಂಗ್ಲಿಷ್ ಚೆನ್ನಾಗಿ ಬಲ್ಲರು. ಮಹಾಭಾರತದಿಂದಲೇ ಆರಂಭಿಸಬೇಕೆಂದು ಕೆಲವರು ಹೇಳಿದರೆ, ಇಂಗ್ಲಿಷಿನಲ್ಲೇ ಬರೆದ ದಪ್ಪ ಕಾದಂಬರಿಗಳನ್ನು ಇನ್ನು ಕೆಲವರು ಸೂಚಿಸುತ್ತಾರೆ. ಯಾವುದನ್ನು ಆರಿಸಬೇಕು? ಸಿನಿಮಾಗಳನ್ನು ನೋಡಿದರೆ ಸಾಲದೇ?

ಉತ್ತರ: ಇಡೀ ಭಾರತವನ್ನು ಒಂದೇ ಪುಸ್ತಕದಲ್ಲಿ ತಿಳಿಸಿಕೊಡುವ ಕೃತಿಯನ್ನು ಹುಡುಕುವುದು ಬೇಡ. ನಿಮ್ಮ ಅಳಿಯಂದಿರು ಹೋಗುವ ಊರುಗಳು ನಿಶ್ಚಯವಾಗಿರುವುದರಿಂದ, ಆಯಾ ಸೀಮೆಯ ಭಾಷೆಯಲ್ಲಿ ಹುಟ್ಟಿ ಒಳ್ಳೆಯ ಅನುವಾದ ಕಂಡಿರುವ ಒಂದೊಂದು ಕೃತಿಯನ್ನು ಆರಿಸಿಕೊಳ್ಳುವುದು ಮೇಲು. ಇಂಗ್ಲಿಷಿನಲ್ಲೇ ಬರೆದ ಭಾರತೀಯ ಕಾದಂಬರಿಗಳ ಬಗ್ಗೆ ನನಗೆ ಅಗೌರವವಿಲ್ಲ. ಆದರೆ ನಿಮ್ಮ ತವರುಮನೆಯ ಜಗಲಿಯಲ್ಲಿ ನಡೆಯುವ ಮಾತು ಕನ್ನಡದ್ದು. ಅದರ ಹಿಂದಿರುವ ಬದುಕನ್ನು ಕನ್ನಡದಿಂದ ಬಂದ ಪುಸ್ತಕವೇ ಹೆಚ್ಚು ಹತ್ತಿರದಿಂದ ತೋರಿಸಬಲ್ಲದು.

ಆ ಕಾರಣಕ್ಕೆ ಮೊದಲು ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಕೊಡಿ. 1965ರಲ್ಲಿ ಬಂದ ಈ ಕಾದಂಬರಿಯನ್ನು ಎ.ಕೆ. ರಾಮಾನುಜನ್ 1976ರಲ್ಲಿ ಇಂಗ್ಲಿಷಿಗೆ ತಂದರು. ಕಟ್ಟುಪಾಡುಗಳನ್ನೆಲ್ಲ ಮುರಿದು ಬದುಕಿದ ನಾರಣಪ್ಪ ಅಗ್ರಹಾರದಲ್ಲಿ ತೀರಿಕೊಂಡಿದ್ದಾನೆ. ಹೆಣದ ಸಂಸ್ಕಾರವಾಗುವ ತನಕ ಯಾರೂ ಊಟ ಮಾಡುವಂತಿಲ್ಲ. ಸಂಸ್ಕಾರ ಮಾಡುವವರು ಯಾರು ಎಂಬುದು ಇತ್ಯರ್ಥವಾಗುತ್ತಿಲ್ಲ. ಅವನೊಡನೆ ಬಾಳಿದ ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿ ಖರ್ಚಿಗೆಂದು ಮುಂದಿಟ್ಟ ಕೂಡಲೇ, ಅಷ್ಟು ಹೊತ್ತು ಹಿಂದೆಗೆಯುತ್ತಿದ್ದವರಲ್ಲೇ ಆಸೆ ಚಿಗುರುತ್ತದೆ. ಹಸಿವು, ಪ್ಲೇಗಿನ ಭಯ, ಶಾಸ್ತ್ರ, ಕಾಮ ಎಲ್ಲವೂ ಕೆಲವೇ ಮನೆಗಳ ಒಂದು ಕೇರಿಯಲ್ಲಿ ಒಟ್ಟಿಗೆ ಮುಖಾಮುಖಿಯಾಗುವುದನ್ನು ಇಷ್ಟು ಅಡಕವಾಗಿ ತೋರಿಸುವ ಇನ್ನೊಂದು ಕೃತಿಯನ್ನು ನಾನು ಸುಲಭವಾಗಿ ಹೇಳಲಾರೆ. ಅನುವಾದದ ಕೊನೆಯಲ್ಲಿ ರಾಮಾನುಜನ್ ಅವರ ಹಿನ್ನುಡಿಯೂ ಟಿಪ್ಪಣಿಗಳೂ ಇವೆ. ಕಥೆ ಮುಗಿಯುವ ತನಕ ಹಿನ್ನುಡಿಯನ್ನು ಓದದಿರಲು ಹೇಳಿ.

ಒಂದು ಎಚ್ಚರಿಕೆಯನ್ನು ನೀವೇ ಕೊಡಬೇಕು. ಕಥೆಯ ದೂರ್ವಾಸಪುರ ಇಂದಿನ ತೀರ್ಥಹಳ್ಳಿಯ ಚಿತ್ರವಲ್ಲ. ನಿಮ್ಮ ತವರಿನಲ್ಲಿ ಯಾವ ಆಚಾರ ಉಳಿದಿದೆ, ಯಾವುದು ಬಿಟ್ಟುಹೋಗಿದೆ ಎಂಬುದನ್ನು ಪುಸ್ತಕ ಹೇಳುವುದಿಲ್ಲ, ನೀವು ಹೇಳಬಲ್ಲಿರಿ. ಅವರು ಇಂಗ್ಲಿಷಿನಲ್ಲಿ ಓದುವಾಗ ನೀವು ಕನ್ನಡದಲ್ಲಿ ಮತ್ತೊಮ್ಮೆ ಓದಿದರೆ ಆ ಮಾತುಕತೆ ತಾನಾಗಿ ನಡೆಯುತ್ತದೆ.

ಬೆಂಗಳೂರಿಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಸಾಕು. ಶ್ರೀನಾಥ್ ಪೇರೂರ್ ಅವರ ಅನುವಾದ ಒಂದೇ ಪಟ್ಟಿಗೆ ಓದಿಸಿಕೊಳ್ಳುತ್ತದೆ. ಪುಟ್ಟ ಮನೆಯಲ್ಲಿ ಪ್ರತಿ ರೂಪಾಯಿಯನ್ನೂ ಎಣಿಸಿ ಬದುಕುತ್ತಿದ್ದ ಕುಟುಂಬವೊಂದು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಸಿರಿವಂತವಾದ ಮೇಲೆ ಒಬ್ಬರಿಗೊಬ್ಬರು ಏನಾಗುತ್ತಾರೆ ಎಂಬುದು ಅದರ ವಸ್ತು. ಹಳೆಯ ಮನೆಯಲ್ಲಿ ಇರುವೆಗಳ ವಿರುದ್ಧ ಮನೆಮಂದಿ ಹೂಡುವ ಯುದ್ಧದ ಪುಟಗಳನ್ನು ಓದಿದವರಿಗೆ, ಮನೆಯವರೆಲ್ಲ ಒಂದಾಗುವುದೆಂದರೆ ಏನು, ಅದರಲ್ಲಿ ಅಡಗಿರುವ ಕ್ರೌರ್ಯವೆಂಥದು ಎಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ. ಸಣ್ಣಕಥೆಗಳೂ ಇರಲಿ ಎನ್ನಿಸಿದರೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದ, ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಸಂಕಲನವನ್ನು ಕೊಡಿ. ಅದರಲ್ಲಿ 12 ಕಥೆಗಳಿವೆ. ಕರ್ನಾಟಕದ ಮುಸ್ಲಿಂ ಹೆಣ್ಣುಮಕ್ಕಳ ಬದುಕು ಪ್ರವಾಸಿಯ ಕಣ್ಣಿಗೆ ತಾನಾಗಿ ಬೀಳುವಂಥದ್ದಲ್ಲ. ದೀಪಾ ಭಾಸ್ತಿಯವರ ಅನುವಾದವಂತೂ ಕನ್ನಡದ ಲಯವನ್ನು ಅಳಿಸದೆ ಇಂಗ್ಲಿಷಿನೊಳಗೆ ನಿಲ್ಲಿಸಿದೆ.

ಕೋಲ್ಕತ್ತಕ್ಕೆ ಹೊರಡುವ ಮುನ್ನ ರವೀಂದ್ರನಾಥ ಟ್ಯಾಗೋರರ ‘ಕಾಬೂಲಿವಾಲಾ’ ಕಥೆಯನ್ನೂ, ಬಿಡುವಿದ್ದರೆ ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ಯನ್ನೂ ಓದಲಿ. ಎರಡನೆಯದು ನಗರದ ಕಥೆಯಲ್ಲ, ಬಂಗಾಳದ ಹಳ್ಳಿಯದು. ಬಡತನ ಕಿತ್ತು ತಿನ್ನುತ್ತಿರುವ ಮನೆಯಲ್ಲೂ ದುರ್ಗಾ ಮತ್ತು ಅಪು ಎಂಬ ಅಕ್ಕತಮ್ಮಂದಿರು ಕಾಡು, ಹಣ್ಣು, ಹಾದಿಗಳಲ್ಲಿ ಕಾಣುವ ಸಂತೋಷ ಅದರ ಜೀವಾಳ. ಟಿ.ಡಬ್ಲ್ಯು. ಕ್ಲಾರ್ಕ್ ಮತ್ತು ತಾರಾಪದ ಮುಖರ್ಜಿಯವರ ಪ್ರಸಿದ್ಧ ಇಂಗ್ಲಿಷ್ ಅನುವಾದವು ಮೂಲದ ಕೊನೆಯ ಭಾಗವನ್ನು ಬಿಟ್ಟು, ಕುಟುಂಬ ಊರು ತೊರೆಯುವಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಕೊಳ್ಳುವಾಗ ನೆನಪಿಡಿ.

ಆಲಪ್ಪುಳದ ಕಡಲತೀರಕ್ಕೆ ತಗಳಿ ಶಿವಶಂಕರ ಪಿಳ್ಳೈಯವರ ‘ಚೆಮ್ಮೀನ್’ ಇದೆ. 1957ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕೃತಿ. ಗಂಡ ಕಡಲಿಗಿಳಿದಾಗ ಹೆಂಡತಿಯ ಶೀಲವೇ ಅವನನ್ನು ಕಾಯುತ್ತದೆ ಎಂಬ ನಂಬಿಕೆಯ ಮೇಲೆ ಕಥೆ ನಿಂತಿದೆ. ಅದನ್ನು ಇಂದಿನ ಮೀನುಗಾರರಿಗೆ ಅಂಟಿಸಿ ನೋಡಬಾರದು.

ಮಹಾಭಾರತವನ್ನು ಬಿಡಿ ಎನ್ನಲಾರೆ. ಆದರೆ ಪೂರ್ತಿ ಓದಿಯೇ ಹೊರಡಬೇಕೆಂದರೆ ಜನವರಿ ಕಳೆದುಹೋದೀತು. ರಾಜಾಜಿಯವರ ಒಂದು ಸಂಪುಟದ ಇಂಗ್ಲಿಷ್ ಆವೃತ್ತಿಯಲ್ಲಿ ಅಧ್ಯಾಯಗಳು ಚಿಕ್ಕವು. ಜನವರಿ ಯಕ್ಷಗಾನ ಮೇಳಗಳ ತಿರುಗಾಟದ ಕಾಲ; ತವರಿನ ಸುತ್ತಮುತ್ತ ಆಟವಿದೆಯೇ, ಇದ್ದರೆ ಪ್ರಸಂಗ ಯಾವುದು ಎಂದು ಮೊದಲೇ ವಿಚಾರಿಸಿ. ಅದು ಮಹಾಭಾರತದ್ದಾದರೆ ಆ ಭಾಗವನ್ನು ಅಂದು ಸಂಜೆ ಓದಿಕೊಂಡು ಹೋಗಲಿ. ಭಾಗವತರ ಪದ ಅರ್ಥವಾಗದಿದ್ದರೂ ರಂಗದ ಮೇಲೆ ಬಂದವರು ಯಾರು, ಯಾರ ಮೇಲೆ ಕೋಪಗೊಂಡಿದ್ದಾರೆ ಎಂಬುದು ತಿಳಿಯುತ್ತದೆ.

ಸಿನಿಮಾದ ವಿಷಯ: ‘ಪಥೇರ್ ಪಾಂಚಾಲಿ’ 1955ರಲ್ಲಿ, ‘ಚೆಮ್ಮೀನ್’ 1965ರಲ್ಲಿ, ‘ಸಂಸ್ಕಾರ’ 1970ರಲ್ಲಿ ತೆರೆಗೆ ಬಂದವು, ಮೂರೂ ನೋಡತಕ್ಕವೇ. ಸಮಯ ನಿಜಕ್ಕೂ ಸಾಲದಿದ್ದರೆ ಮೊದಲ ಎರಡನ್ನು ಪುಸ್ತಕದ ಬದಲಿಗೆ ನೋಡಲಿ. ‘ಸಂಸ್ಕಾರ’ವನ್ನು ಮಾತ್ರ ಓದಿಯೇ ನೋಡಬೇಕು. ಅಗ್ರಹಾರದ ಪಂಡಿತರಾದ ಪ್ರಾಣೇಶಾಚಾರ್ಯರ ಮನಸ್ಸಿನೊಳಗೆ ನಡೆಯುವುದೇ ಆ ಕಥೆಯ ಅರ್ಧಭಾಗ, ಅದು ಪುಟಗಳಲ್ಲಿ ಸಿಗುವಷ್ಟು ತೆರೆಯ ಮೇಲೆ ಸಿಗುವುದಿಲ್ಲ.